ಎರಡು ಕಂಪನಿ, ಒಂದೇ ಪಟ್ಟಿ: ವಿಮಾನ ಕಂಪನಿಗಳು ವಿಲೀನವಾದಾಗ ಪೈಲಟ್‌ಗಳು ಯಾಕೆ ಸಿಟ್ಟಾಗುತ್ತಾರೆ?

2024ರ ಮಾರ್ಚ್ ತಿಂಗಳ ಕೊನೆ. ಮಳೆಯ ಕಾಲವಲ್ಲ, ದೆಹಲಿಯ ಮಂಜಿನ ಕಾಲವೂ ಅಲ್ಲ. ಆದರೂ ವಿಸ್ತಾರಾ ವಿಮಾನಗಳು ಒಂದಾದ ಮೇಲೊಂದು ರದ್ದಾಗತೊಡಗಿದವು. ಕೆಲವೇ ದಿನಗಳಲ್ಲಿ ರದ್ದಾದ ವಿಮಾನಗಳ ಲೆಕ್ಕ ನೂರು ದಾಟಿತು. ಏಪ್ರಿಲ್ 2ರಂದು ನಾಗರಿಕ ವಿಮಾನಯಾನ ಸಚಿವಾಲಯ ಕಂಪನಿಯಿಂದ ವರದಿ ಕೇಳಿತು. ಎಷ್ಟು ವಿಮಾನ ರದ್ದಾದವು, ಎಷ್ಟು ತಡವಾದವು ಎಂಬ ಲೆಕ್ಕವನ್ನು ಪ್ರತಿದಿನ ಒಪ್ಪಿಸಿ ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ಹೇಳಿತು. ಕೊನೆಗೆ ಕಂಪನಿಯೇ ದಿನಕ್ಕೆ 25ರಿಂದ 30 ವಿಮಾನಗಳನ್ನು, ಅಂದರೆ ತನ್ನ ಹಾರಾಟದ ಸುಮಾರು ಶೇ. 10ರಷ್ಟನ್ನು ಕಡಿಮೆ ಮಾಡಿತು.

ಕಾರಣ ಇಷ್ಟೇ. ವಿಮಾನ ಹಾರಿಸಲು ಸಾಕಷ್ಟು ಪೈಲಟ್‌ಗಳು ಸಿಗುತ್ತಿರಲಿಲ್ಲ. ಏರ್ ಇಂಡಿಯಾ ಜೊತೆಗಿನ ವಿಲೀನಕ್ಕೆಂದು ತಂದ ಹೊಸ ಸಂಬಳದ ಒಪ್ಪಂದದಿಂದ ಬೇಸತ್ತು ಹಲವರು ಹುಷಾರಿಲ್ಲ ಎಂದು ರಜೆ ಹಾಕಿದ್ದಾರೆ ಎಂಬ ವರದಿಗಳು ಬಂದವು. ಕೆಲವರು ರಾಜೀನಾಮೆಯನ್ನೂ ಕೊಟ್ಟಿದ್ದರು. ಅದೇ ಹೊತ್ತಿಗೆ ಕಂಪನಿ, ನಮ್ಮ ಸುಮಾರು 1,000 ಪೈಲಟ್‌ಗಳಲ್ಲಿ ಶೇ. 98ರಷ್ಟು ಮಂದಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ ಎಂದಿತು.

ಓದುಗರಿಗೆ ಗೊಂದಲವಾಗಿದ್ದು ಇಲ್ಲೇ. ಸಹಿ ಹಾಕಿದವರು ಯಾಕೆ ಸಿಟ್ಟಾದರು? ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಪಡೆಯುವವರಿಗೆ ಏನು ಕೊರತೆ? ಆ ವಿಲೀನ ಮುಗಿದು ವಿಸ್ತಾರಾ ಎಂಬ ಹೆಸರೇ ಹೋಗಿದೆ. ಆದರೆ ಅಂದು ಎದ್ದ ಪ್ರಶ್ನೆ ಆ ಕಂಪನಿಯೊಂದಿಗೆ ಹೋಗಿಲ್ಲ. ಯಾವ ಎರಡು ವಿಮಾನ ಕಂಪನಿಗಳು ಒಂದಾದರೂ ಅದು ಮತ್ತೆ ಬರುತ್ತದೆ. ಹಾಗಾಗಿ ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲು ಹಿನ್ನೆಲೆ

2022ರ ಜನವರಿ 27ರಂದು ಏರ್ ಇಂಡಿಯಾ ಸರ್ಕಾರದ ಕೈಯಿಂದ ಟಾಟಾ ಸಮೂಹದ ಕೈಗೆ ಬಂತು. ಆಗ ಟಾಟಾ ಬಳಿ ಇನ್ನೂ ಎರಡು ವಿಮಾನ ಕಂಪನಿಗಳಿದ್ದವು. ಒಂದು, ಸಿಂಗಪುರ್ ಏರ್‌ಲೈನ್ಸ್ ಜೊತೆ ಸೇರಿ ನಡೆಸುತ್ತಿದ್ದ ವಿಸ್ತಾರಾ. ಇದು 2015ರ ಜನವರಿಯಲ್ಲಿ ಹಾರಾಟ ಶುರು ಮಾಡಿತ್ತು. ಇನ್ನೊಂದು, ಬೆಂಗಳೂರಿನಲ್ಲಿ ನೆಲೆಯಿದ್ದ ಏರ್‌ಏಷ್ಯಾ ಇಂಡಿಯಾ. ಏರ್ ಇಂಡಿಯಾ ಜೊತೆಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ ಬಂತು. ಹೀಗೆ ಒಂದೇ ಮನೆಯಲ್ಲಿ ನಾಲ್ಕು ಅಡುಗೆಮನೆ ಆಯಿತು.

ನಾಲ್ಕನ್ನು ಎರಡಾಗಿಸುವುದು ಟಾಟಾ ಯೋಜನೆ. ಕಡಿಮೆ ದರದ ಎರಡು ಕಂಪನಿಗಳು ಸೇರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಆದವು. ಆ ವಿಲೀನ 2024ರ ಅಕ್ಟೋಬರ್ 1ಕ್ಕೆ ಪೂರ್ತಿಯಾಯಿತು. ವಿಸ್ತಾರಾ, ಏರ್ ಇಂಡಿಯಾಗೆ ಸೇರುತ್ತದೆ ಎಂದು 2022ರ ನವೆಂಬರ್‌ನಲ್ಲಿ ಘೋಷಣೆಯಾಯಿತು. 2024ರ ನವೆಂಬರ್ 12ರಿಂದ ಎರಡೂ ಒಂದಾದವು. ಹೊಸ ಕಂಪನಿಯಲ್ಲಿ ಸಿಂಗಪುರ್ ಏರ್‌ಲೈನ್ಸ್ ಪಾಲು ಶೇ. 25.1.

ಘೋಷಣೆಗೂ ವಿಲೀನಕ್ಕೂ ನಡುವೆ ಸುಮಾರು ಎರಡು ವರ್ಷ. ಪೈಲಟ್‌ಗಳ ತಕರಾರು ಹುಟ್ಟಿದ್ದು ಈ ಅವಧಿಯಲ್ಲೇ.

70 ಗಂಟೆ 40 ಆದಾಗ

ಪೈಲಟ್ ಸಂಬಳ ನಮ್ಮ ನಿಮ್ಮ ಸಂಬಳದ ಹಾಗಲ್ಲ. ಅದರ ದೊಡ್ಡ ಭಾಗ ಹಾರಾಟದ ಗಂಟೆಗಳ ಮೇಲೆ ನಿಂತಿದೆ. ಆ ಗಂಟೆ ಹೇಗೆ ಎಣಿಸುತ್ತಾರೆ ಎಂಬುದನ್ನು ಮೊದಲು ನೋಡೋಣ.

ಬೆಳಿಗ್ಗೆ 6ಕ್ಕೆ ಬೆಂಗಳೂರಿನಿಂದ ದೆಹಲಿಗೆ ಹೊರಡುವ ವಿಮಾನ ಎಂದುಕೊಳ್ಳಿ. ಪೈಲಟ್ ಮನೆ ಮುಂದೆ ಕಂಪನಿಯ ಕ್ಯಾಬ್ 3.30ರ ಹೊತ್ತಿಗೇ ಬಂದು ನಿಂತಿರುತ್ತದೆ. ಏಳುವುದು ಅದಕ್ಕೂ ಮುಂಚೆ. ದೇವನಹಳ್ಳಿ ಮುಟ್ಟಬೇಕು. ಮದ್ಯ ಕುಡಿದಿಲ್ಲ ಎಂದು ತೋರಿಸಲು ಯಂತ್ರಕ್ಕೆ ಊದಬೇಕು. ದಾರಿಯ ಹವಾಮಾನ, ತುಂಬಿಸಬೇಕಾದ ಇಂಧನದ ಲೆಕ್ಕ ನೋಡಬೇಕು. ಕತ್ತಲಲ್ಲೇ ಟಾರ್ಚ್ ಹಿಡಿದು ವಿಮಾನದ ಸುತ್ತ ಒಂದು ಸುತ್ತು ಹಾಕಿ ಚಕ್ರ, ರೆಕ್ಕೆ, ಎಂಜಿನ್ ನೋಡಬೇಕು. ಇಷ್ಟೆಲ್ಲ ಆದರೂ ಗಡಿಯಾರ ಶುರುವಾಗಿರುವುದಿಲ್ಲ. ವಿಮಾನ ನಿಂತ ಜಾಗದಿಂದ ಕದಲಿದಾಗ ಗಡಿಯಾರ ಶುರು, ದೆಹಲಿಯಲ್ಲಿ ತನ್ನ ಜಾಗಕ್ಕೆ ಬಂದು ನಿಂತಾಗ ಬಂದ್. ಇದಕ್ಕೆ ಬ್ಲಾಕ್ ಅವರ್ ಎನ್ನುತ್ತಾರೆ. ಬೆಂಗಳೂರು–ದೆಹಲಿಗೆ ಇದು ಮೂರು ಗಂಟೆಗಿಂತ ಸ್ವಲ್ಪ ಕಡಿಮೆ. ಮನೆ ಬಿಟ್ಟು ಐದು ಗಂಟೆಗೂ ಮೇಲೆ ಆಗಿದ್ದರೂ ಹಾರಾಟದ ಲೆಕ್ಕಕ್ಕೆ ಬರುವುದು ಇಷ್ಟೇ.

ಈಗ ತಕರಾರಿಗೆ ಬರೋಣ. ವಿಸ್ತಾರಾದಲ್ಲಿ ಪೈಲಟ್‌ಗಳಿಗೆ ತಿಂಗಳಿಗೆ 70 ಗಂಟೆಯ ಹಣ ಖಾತ್ರಿ ಇತ್ತು. ಅಷ್ಟು ಹಾರಲಿ, ಬಿಡಲಿ, 70 ಗಂಟೆಯ ಹಣ ಬರುತ್ತಿತ್ತು. ಏರ್ ಇಂಡಿಯಾ ಪದ್ಧತಿಯಲ್ಲಿ ಖಾತ್ರಿ ಇರುವುದು 40 ಗಂಟೆಗೆ. ಅದಕ್ಕಿಂತ ಜಾಸ್ತಿ ಹಾರಿದರೆ ಆ ಗಂಟೆಗಳಿಗೆ ಬೇರೆ ಹಣ. ವಿಲೀನಕ್ಕೆ ಮುಂಚೆಯೇ ವಿಸ್ತಾರಾ ಪೈಲಟ್‌ಗಳನ್ನು 40ರ ಪದ್ಧತಿಗೆ ತರಲಾಯಿತು.

ಲೆಕ್ಕ ಸುಲಭವಾಗಲಿ ಎಂದು ಗಂಟೆಗೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ಉದಾಹರಣೆಗೆ ಮಾತ್ರ, ನಿಜವಾದ ದರವಲ್ಲ. 70 ಗಂಟೆಗೆ 2,10,000 ರೂಪಾಯಿ. 40 ಗಂಟೆಗೆ 1,20,000. ಒಬ್ಬ ಪೈಲಟ್ ತಿಂಗಳಲ್ಲಿ 70 ಗಂಟೆ ಹಾರಿದರೆ ಎರಡೂ ಪದ್ಧತಿಯಲ್ಲಿ ಬರುವುದು ಒಂದೇ. ಆದರೆ 50 ಗಂಟೆ ಹಾರಿದರೆ? ಹಳೆಯ ಪದ್ಧತಿಯಲ್ಲಿ ಅದೇ 2,10,000. ಹೊಸದರಲ್ಲಿ 1,50,000. ತಿಂಗಳಿಗೆ 60,000 ಕಡಿಮೆ.

ಹಾಗಾದರೆ 70 ಗಂಟೆ ಹಾರಿದರೆ ಆಯಿತಲ್ವಾ ಎನ್ನಬಹುದು. ಆದರೆ ಎಷ್ಟು ಹಾರಬೇಕು ಎಂದು ಪೈಲಟ್ ತೀರ್ಮಾನಿಸುವುದಿಲ್ಲ. ಯಾರು ಯಾವಾಗ ಹಾರಬೇಕು ಎಂಬ ರೋಸ್ಟರ್ ಹಾಕುವುದು ಕಂಪನಿ. ಯಾವುದೋ ವಿಮಾನ ಎಂಜಿನ್ ಬಿಡಿಭಾಗಕ್ಕಾಗಿ ಹ್ಯಾಂಗರಿನಲ್ಲಿ ನಿಂತರೆ ಗಂಟೆ ಕಡಿಮೆ. ಪ್ರಯಾಣಿಕರು ಕಡಿಮೆ ಇರುವ ತಿಂಗಳಲ್ಲಿ ಗಂಟೆ ಕಡಿಮೆ. ನೆಲದ ಮೇಲೇ ಹಾರಾಟದ ಅನುಭವ ಕೊಡುವ ಸಿಮ್ಯುಲೇಟರ್ ಯಂತ್ರದ ತರಬೇತಿಗೆ ಹೋದರೆ, ಜ್ವರ ಬಂದು ಮಲಗಿದರೆ, ಮದುವೆಗೆಂದು ರಜೆ ಹಾಕಿದರೆ ಗಂಟೆ ಕಡಿಮೆ. ಮೊದಲು ಈ ಏರಿಳಿತದ ಭಾರವನ್ನು ಕಂಪನಿ ಹೊರುತ್ತಿತ್ತು. ಈಗ ಅದು ಪೈಲಟ್ ಹೆಗಲಿಗೆ ಬಂತು. ಸಂಬಳ ಇಷ್ಟು ಕಡಿಮೆಯಾಯಿತು ಎಂಬ ಮಾತಿಗಿಂತ ಇದೇ ದೊಡ್ಡ ಬದಲಾವಣೆ. ಸುದ್ದಿಗಳಲ್ಲಿ ಇದು ಅಷ್ಟಾಗಿ ಬರಲಿಲ್ಲ.

ಈ ಹೊಡೆತ ಎಲ್ಲರಿಗೂ ಒಂದೇ ರೀತಿ ತಾಗುವುದಿಲ್ಲ. ಕ್ಯಾಪ್ಟನ್‌ಗೆ ತಡೆದುಕೊಳ್ಳುವ ಶಕ್ತಿ ಇದೆ. ಅವರ ಪಕ್ಕ ಕೂರುವ ಫಸ್ಟ್ ಆಫೀಸರ್ ಅಂದರೆ ಸಹ ಪೈಲಟ್ ಕಥೆ ಬೇರೆ. ಲೈಸೆನ್ಸ್ ಮತ್ತು ಒಂದು ಮಾದರಿಯ ವಿಮಾನ ಹಾರಿಸುವ ತರಬೇತಿ ಎರಡೂ ಸೇರಿದರೆ ಖರ್ಚು ಅರ್ಧ ಕೋಟಿ ದಾಟುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಜಾಗ ಅಡವಿಟ್ಟು ಈ ಸಾಲ ಮಾಡಿರುತ್ತಾರೆ. ಸಂಬಳ ತಿಂಗಳು ತಿಂಗಳಿಗೆ ಏರಿಳಿದರೂ ಇಎಂಐ ಏರಿಳಿಯುವುದಿಲ್ಲ. ಆಗ ಹೊರನಡೆದವರಲ್ಲಿ ಫಸ್ಟ್ ಆಫೀಸರ್‌ಗಳ ಹೆಸರೇ ಹೆಚ್ಚು ಕೇಳಿಬಂದದ್ದು ಯಾಕೆ ಎಂದು ಇದರಿಂದ ಗೊತ್ತಾಗುತ್ತದೆ.

ಕಂಪನಿಯ ವಾದದಲ್ಲೂ ಹುರುಳಿದೆ

ಒಂದೇ ಕಂಪನಿ ಆದ ಮೇಲೆ ಒಂದೇ ಸಂಬಳದ ಪದ್ಧತಿ ಇರಬೇಕು. ಇದು ಕಂಪನಿಯ ವಾದ, ಮತ್ತು ಇದನ್ನು ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಒಂದೇ ಮಾದರಿಯ ವಿಮಾನದಲ್ಲಿ, ಒಂದೇ ಕೆಲಸ ಮಾಡುವ ಇಬ್ಬರು ಫಸ್ಟ್ ಆಫೀಸರ್‌ಗಳಿಗೆ ಬೇರೆ ಬೇರೆ ಸಂಬಳ ಕೊಟ್ಟರೆ ಅದು ಇನ್ನೊಂದು ಜಗಳಕ್ಕೆ ದಾರಿ.

ಇನ್ನೊಂದು ಮಾತೂ ಇದೆ. ಏರ್ ಇಂಡಿಯಾದಲ್ಲಿ ಈ ಖಾತ್ರಿ 20 ಗಂಟೆಗೆ ಇಳಿದಿತ್ತು. 2023ರ ಏಪ್ರಿಲ್‌ನಲ್ಲಿ ಅದನ್ನು 40ಕ್ಕೆ ಏರಿಸಿದರು. ಅಂದರೆ ಅದೇ 40 ಎಂಬ ಸಂಖ್ಯೆ ಏರ್ ಇಂಡಿಯಾದವರಿಗೆ ಏರಿಕೆ, ವಿಸ್ತಾರಾದವರಿಗೆ ಇಳಿಕೆ. ಕಂಪನಿ ಆಗ ಎಲ್ಲರಿಗೂ 70 ಕೊಡಬಹುದಿತ್ತು. ಆದರೆ ವರ್ಷಗಟ್ಟಲೆ ನಷ್ಟದಲ್ಲಿ ನಡೆದು ಬಂದ ಏರ್ ಇಂಡಿಯಾವನ್ನು ಎತ್ತಿ ನಿಲ್ಲಿಸುತ್ತಿರುವಾಗ ಅಷ್ಟು ದೊಡ್ಡ ಖರ್ಚಿಗೆ ಅದು ಮನಸ್ಸು ಮಾಡಲಿಲ್ಲ.

ವಿಸ್ತಾರಾದ ಅಂದಿನ ಸಿಇಒ ವಿನೋದ್ ಕಣ್ಣನ್ ಏಪ್ರಿಲ್ ಮೊದಲ ವಾರದಲ್ಲಿ ಪೈಲಟ್‌ಗಳ ಜೊತೆ ಆನ್‌ಲೈನ್ ಸಭೆ ನಡೆಸಿದರು. ರೋಸ್ಟರ್ ತೀರಾ ಬಿಗಿಯಾಗಿತ್ತು ಎಂದು ಒಪ್ಪಿಕೊಂಡರು. ಇದು ದೊಡ್ಡ ಮಾತು. ಹತ್ತು ಜನ ರಜೆ ಹಾಕಿದರೆ ಹತ್ತು ಜನ ಬದಲಿ ಸಿಗಬೇಕು. ಬದಲಿ ಪೈಲಟ್‌ಗಳೇ ಇಲ್ಲದಷ್ಟು ಬಿಗಿಯಾಗಿ ಓಡುತ್ತಿದ್ದ ಕಂಪನಿಯಲ್ಲಿ ಸಣ್ಣ ಅಸಮಾಧಾನವೂ ದೊಡ್ಡ ಅಡಚಣೆ ಆಗುತ್ತದೆ. ಹಾಗೇ ಆಯಿತು.

ಸೀನಿಯಾರಿಟಿ ಎಂಬ ಆಸ್ತಿ

ಸಂಬಳದ ಜಗಳ ಕಣ್ಣಿಗೆ ಕಾಣುತ್ತದೆ. ಅದರ ಹಿಂದೆ ಇನ್ನೊಂದು ಜಗಳ ಇದೆ. ಪೈಲಟ್‌ಗಳಿಗೆ ಜಾಸ್ತಿ ನಿದ್ದೆ ಕೆಡಿಸುವುದು ಅದೇ.

ವಿಮಾನ ಕಂಪನಿಯಲ್ಲಿ ಪ್ರತಿ ಪೈಲಟ್‌ಗೂ ಸೀನಿಯಾರಿಟಿ ಪಟ್ಟಿಯಲ್ಲಿ ಒಂದು ನಂಬರ್ ಇರುತ್ತದೆ. ನಮ್ಮಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್ ನೋಡಿದವರಿಗೆ ಇದರ ಬಿಸಿ ಗೊತ್ತು. ಪಟ್ಟಿಯಲ್ಲಿ ಮುಂದಿರುವವರು ಬೇಕಾದ ಊರು ಆರಿಸಿಕೊಳ್ಳುತ್ತಾರೆ, ಹಿಂದಿರುವವರಿಗೆ ಉಳಿದದ್ದು. ಶಿಕ್ಷಕರಿಗೆ ಅದು ಎಷ್ಟೋ ವರ್ಷಕ್ಕೊಮ್ಮೆ ಬರುವ ಸಂಗತಿ. ಪೈಲಟ್‌ಗೆ ಆ ನಂಬರ್ ಕೆಲಸದ ಜೀವನದುದ್ದಕ್ಕೂ ಬೆನ್ನಿಗಿರುತ್ತದೆ. ಯಾವ ಊರಿನಲ್ಲಿ ನೆಲೆ, ದೀಪಾವಳಿಗೆ ರಜೆ ಸಿಗುತ್ತದೋ ಇಲ್ಲವೋ, ಚಿಕ್ಕ ವಿಮಾನದಿಂದ ದೊಡ್ಡ ವಿಮಾನಕ್ಕೆ ಯಾವಾಗ ಹೋಗುತ್ತಾರೆ, ಇವೆಲ್ಲದರಲ್ಲೂ ಆ ನಂಬರಿನ ಕೈ ಇರುತ್ತದೆ.

ಎಲ್ಲಕ್ಕಿಂತ ದೊಡ್ಡದು ಕಮಾಂಡ್, ಅಂದರೆ ಕ್ಯಾಪ್ಟನ್ ಹುದ್ದೆ. ಫಸ್ಟ್ ಆಫೀಸರ್ ಭುಜದ ಮೇಲೆ ಸಾಮಾನ್ಯವಾಗಿ ಮೂರು ಪಟ್ಟೆ, ಕ್ಯಾಪ್ಟನ್ ಭುಜದ ಮೇಲೆ ನಾಲ್ಕು. ಒಬ್ಬರು ಕೂರುವುದು ಬಲಗಡೆ ಸೀಟು, ಇನ್ನೊಬ್ಬರದು ಎಡಗಡೆ. ಬಲದಿಂದ ಎಡಕ್ಕೆ ಒಂದು ಕೈಯಳತೆ ದೂರವೂ ಇಲ್ಲ. ಅದನ್ನು ದಾಟಲು ಕೆಲವರಿಗೆ ಐದಾರು ವರ್ಷ, ಕೆಲವರಿಗೆ ಹತ್ತು ವರ್ಷಕ್ಕೂ ಮೇಲೆ. ದಾಟಿದರೆ ಸಂಬಳ ದುಪ್ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹಾರಿದ ಗಂಟೆಗಳು, ಸಿಮ್ಯುಲೇಟರ್ ಪರೀಕ್ಷೆ, ಸುರಕ್ಷತೆಯ ದಾಖಲೆ ಎಲ್ಲವೂ ಸರಿ ಇರಬೇಕು, ನಿಜ. ಆದರೆ ಅವೆಲ್ಲ ಸರಿ ಇರುವ ನೂರು ಜನರಲ್ಲಿ ಯಾರು ಮೊದಲು ಎಂದು ಹೇಳುವುದು ಸೀನಿಯಾರಿಟಿ ಪಟ್ಟಿ.

ಈ ಆಸ್ತಿಗೆ ಒಂದು ವಿಚಿತ್ರ ಗುಣವಿದೆ. ಇದನ್ನು ಬೇರೆ ಕಡೆಗೆ ಒಯ್ಯಲು ಬರುವುದಿಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಕಂಪನಿ ಬದಲಿಸಿದರೆ ಅನುಭವ ಜೊತೆಗೆ ಹೋಗುತ್ತದೆ, ಸಂಬಳವೂ ಏರುತ್ತದೆ. ಪೈಲಟ್ ಬೇರೆ ಕಂಪನಿಗೆ ಹೋದರೆ ಪಟ್ಟಿಯ ಕೊನೆಯ ನಂಬರ್. ಭಾರತದಲ್ಲಿ ಕ್ಯಾಪ್ಟನ್‌ಗಳ ಕೊರತೆ ಇರುವುದರಿಂದ ಕ್ಯಾಪ್ಟನ್ ಆಗಿಯೇ ಸೇರಿಸಿಕೊಳ್ಳುವುದುಂಟು. ಆದರೂ ದೊಡ್ಡ ವಿಮಾನದ ಸರದಿ, ರಜೆಯ ಸರದಿಯಲ್ಲಿ ಹಿಂದೆ ನಿಲ್ಲಬೇಕು. ಹಾಗಾಗಿ ವಿಲೀನದಲ್ಲಿ ಈ ನಂಬರ್ ಕೆಳಗೆ ಜಾರಿದರೆ ಹೊರಗೆ ಹೋಗಿ ಸರಿಮಾಡಿಕೊಳ್ಳುವ ದಾರಿ ಇಲ್ಲ. ಒಳಗಿದ್ದರೂ ನಷ್ಟ, ಹೊರಗೆ ಹೋದರೂ ನಷ್ಟ.

ಎರಡು ಪಟ್ಟಿ ಬೆರೆಸುವುದು ಯಾಕೆ ಕಷ್ಟ

ಎರಡು ಕಂಪನಿ ಸೇರಿದಾಗ ಎರಡು ಪಟ್ಟಿಗಳನ್ನು ಒಂದು ಮಾಡಬೇಕು. ಸೇರಿದ ತಾರೀಖಿನ ಪ್ರಕಾರ ಜೋಡಿಸಿದರೆ ಆಯಿತಲ್ಲ ಎಂದು ಮೊದಲಿಗೆ ಅನ್ನಿಸುತ್ತದೆ. ಒಂದು ಉದಾಹರಣೆ ನೋಡಿ.

ಹಳೆಯ ಕಂಪನಿಯಲ್ಲಿ ಒಬ್ಬರು ಒಂಬತ್ತು ವರ್ಷದಿಂದ ಫಸ್ಟ್ ಆಫೀಸರ್. ಆ ಕಂಪನಿಗೆ ಹೊಸ ವಿಮಾನಗಳು ಬರಲಿಲ್ಲ, ಹಾಗಾಗಿ ಕ್ಯಾಪ್ಟನ್ ಹುದ್ದೆ ಖಾಲಿಯಾಗಲಿಲ್ಲ. ಹೊಸ ಕಂಪನಿಯಲ್ಲಿ ಇನ್ನೊಬ್ಬರು ಆರೇ ವರ್ಷಕ್ಕೆ ಕ್ಯಾಪ್ಟನ್. ಅಲ್ಲಿ ವಿಮಾನಗಳು ಬರುತ್ತಲೇ ಇದ್ದವು. ತಾರೀಖು ನೋಡಿದರೆ ಒಂಬತ್ತು ವರ್ಷದವರು ಮೇಲೆ. ಹುದ್ದೆ ನೋಡಿದರೆ ಆರು ವರ್ಷದವರು ಮೇಲೆ. ಮೊದಲನೆಯವರು, ನಾನು ಮೂರು ವರ್ಷ ಮುಂಚೆ ಬಂದವನು ಎನ್ನುತ್ತಾರೆ. ಎರಡನೆಯವರು, ಬೆಳೆಯುವ ಕಂಪನಿ ಎಂದು ನಂಬಿ ಸೇರಿ ಎಡಗಡೆ ಸೀಟು ಗಳಿಸಿದ್ದೇನೆ, ನೀವು ಕೊಟ್ಟಿದ್ದಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಈ ವಿವಾದ ಇಷ್ಟು ಗಂಟಾಗುವುದು ಅದಕ್ಕೇ.

ಮೂರನೆಯ ದಾರಿ ಅನುಪಾತ. ಎರಡೂ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು, ಒಂದರಿಂದ ಇಬ್ಬರು, ಇನ್ನೊಂದರಿಂದ ಒಬ್ಬರು ಎಂದು ಹೆಣೆಯುತ್ತಾ ಹೋಗುವುದು. ತನ್ನ ಕಂಪನಿಯಲ್ಲಿ ನಡುಮಧ್ಯದಲ್ಲಿದ್ದವರು ಹೊಸ ಪಟ್ಟಿಯಲ್ಲೂ ಹೆಚ್ಚುಕಡಿಮೆ ನಡುವೆಯೇ ಇರುತ್ತಾರೆ. ಇದರ ಜೊತೆ ಕೆಲವು ವರ್ಷಗಳ ಮಟ್ಟಿಗೆ ಬೇಲಿ ಹಾಕುವುದೂ ಉಂಟು. ನಿಮ್ಮ ಕಂಪನಿ ತಂದ ದೊಡ್ಡ ವಿಮಾನಗಳಿಗೆ ಇಷ್ಟು ವರ್ಷ ನಿಮ್ಮವರೇ ಮೊದಲು ಎಂಬ ಮಾತು ಅದು.

ವಿಸ್ತಾರಾಗೆ ಇದನ್ನು ಹೊಂದಿಸಿ ನೋಡಿ. 2015ರಲ್ಲಿ ಹುಟ್ಟಿದ ಕಂಪನಿ ಅದು. ಏರ್ ಇಂಡಿಯಾದ ಪಟ್ಟಿಯಲ್ಲಿ ಅದಕ್ಕೂ ಎಷ್ಟೋ ವರ್ಷ ಮುಂಚೆ ಸೇರಿದವರಿದ್ದಾರೆ. ತಾರೀಖು ಮಾತ್ರ ಹಿಡಿದರೆ ವಿಸ್ತಾರಾದವರು ಹೆಚ್ಚಿನವರು ಕೆಳಗೆ. ಹುದ್ದೆ ಮಾತ್ರ ಹಿಡಿದರೆ, ಸರ್ಕಾರಿ ಕಾಲದಲ್ಲಿ ಹೊಸ ವಿಮಾನ ಬಾರದೆ ಬಲಗಡೆ ಸೀಟಿನಲ್ಲೇ ಉಳಿದ ಏರ್ ಇಂಡಿಯಾದವರಿಗೆ ಎರಡನೇ ಸಲ ಅನ್ಯಾಯ. ವಿಸ್ತಾರಾ ಪೈಲಟ್‌ಗಳ ಆತಂಕದಲ್ಲಿ ಸಂಬಳದ ಜೊತೆಗೆ ಇದೂ ಸೇರಿತ್ತು. ದೊಡ್ಡ ವಿಮಾನಗಳ ಆಸೆ ಈ ಆತಂಕವನ್ನು ಇನ್ನೂ ಹೆಚ್ಚಿಸಿತ್ತು. 2024ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಏರ್‌ಬಸ್ ಎ350 ಪ್ರಯಾಣಿಕರನ್ನು ಹೊತ್ತು ಹಾರಿದ್ದು ಬೆಂಗಳೂರಿನಿಂದ ಮುಂಬೈಗೆ. ಅಂಥ ವಿಮಾನದ ಸೀಟು ಯಾರಿಗೆ ಮೊದಲು ಎಂಬುದು ಪಟ್ಟಿಗೆ ಬಿಟ್ಟ ವಿಷಯ.

2007ರ ವಿಲೀನ ಕಲಿಸಿದ್ದು

ಏರ್ ಇಂಡಿಯಾಗೆ ಇದು ಹೊಸ ಅನುಭವವಲ್ಲ. 2007ರಲ್ಲಿ ಸರ್ಕಾರ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಒಂದು ಮಾಡಿತು. ಕಾಗದದ ಮೇಲೆ ಕಂಪನಿ ಒಂದಾಯಿತು. ಪೈಲಟ್‌ಗಳು ಒಂದಾಗಲಿಲ್ಲ. ಹಳೆಯ ಇಂಡಿಯನ್ ಏರ್‌ಲೈನ್ಸ್‌ನವರದು ಐಸಿಪಿಎ ಎಂಬ ಸಂಘ, ಹಳೆಯ ಏರ್ ಇಂಡಿಯಾದವರದು ಇಂಡಿಯನ್ ಪೈಲಟ್ಸ್ ಗಿಲ್ಡ್. ಒಂದೇ ಕಂಪನಿಯಲ್ಲಿ ಎರಡು ಸಂಬಳ, ಎರಡು ಬಡ್ತಿ ನಿಯಮ ವರ್ಷಗಟ್ಟಲೆ ನಡೆದವು.

ಪರಿಣಾಮ ಎರಡು ಸಲ ಬಂತು. 2011ರಲ್ಲಿ ಐಸಿಪಿಎ ಪೈಲಟ್‌ಗಳು, ನಮಗೂ ಅವರಷ್ಟೇ ಸಂಬಳ ಕೊಡಿ ಎಂದು ಹತ್ತು ದಿನ ಮುಷ್ಕರ ಮಾಡಿದರು. 2012ರಲ್ಲಿ ಇನ್ನೊಂದು ಕಡೆಯವರ ಸರದಿ. ಆಗ ಬೋಯಿಂಗ್ 787 ಡ್ರೀಮ್‌ಲೈನರ್ ವಿಮಾನಗಳು ಬರಬೇಕಿತ್ತು. ಅವನ್ನು ಹಾರಿಸುವ ತರಬೇತಿಯನ್ನು ಹಳೆಯ ಇಂಡಿಯನ್ ಏರ್‌ಲೈನ್ಸ್‌ನವರಿಗೂ ಕೊಡಲು ಆಡಳಿತ ಮುಂದಾಯಿತು. ದೂರ ಪ್ರಯಾಣದ ದೊಡ್ಡ ವಿಮಾನ ನಮ್ಮದು, ಅವರು ಬಂದರೆ ನಮ್ಮ ಬಡ್ತಿ ಹಿಂದೆ ಬೀಳುತ್ತದೆ ಎಂದು ಗಿಲ್ಡ್‌ನವರು ಮೇ ತಿಂಗಳಲ್ಲಿ ಕೆಲಸ ಬಿಟ್ಟರು. ಅದೂ ಶುರುವಾಗಿದ್ದು ಹುಷಾರಿಲ್ಲ ಎಂಬ ರಜೆಯಿಂದಲೇ. ಮುಷ್ಕರ 58 ದಿನ ನಡೆಯಿತು. ಜುಲೈನಲ್ಲಿ ದೆಹಲಿ ಹೈಕೋರ್ಟ್ ಮುಂದೆ ಮಾತು ಕೊಟ್ಟು ಕೆಲಸಕ್ಕೆ ಮರಳಿದರು. ಅಷ್ಟು ಹೊತ್ತಿಗೆ ಸುಮಾರು ನೂರು ಪೈಲಟ್‌ಗಳನ್ನು ವಜಾ ಮಾಡಲಾಗಿತ್ತು. ವಿದೇಶಿ ಮಾರ್ಗಗಳು ಬಡವಾಗಿದ್ದವು, ಪ್ರಯಾಣಿಕರು ಬೇರೆ ಕಂಪನಿಗಳಿಗೆ ಹೋಗಿದ್ದರು.

ಗಮನಿಸಬೇಕಾದ್ದು ಇದು. 2007ರ ತಪ್ಪಿನ ಬೆಲೆಯನ್ನು 2012ರಲ್ಲಿ ಕೊಡಬೇಕಾಯಿತು. ಪಟ್ಟಿಯ ಪ್ರಶ್ನೆಯನ್ನು ಮುಂದೂಡಿದರೆ ಅದು ಕರಗುವುದಿಲ್ಲ. ಹೊಸ ವಿಮಾನ ಬಂದ ದಿನ ಎದ್ದು ನಿಲ್ಲುತ್ತದೆ.

ಅಮೆರಿಕದಲ್ಲಿ ಎಂಟು ವರ್ಷದ ಜಗಳ

ಅಮೆರಿಕದಲ್ಲಿ ಇಂಥ ವಿಲೀನಗಳು ಬಹಳ ಆಗಿವೆ. ಅಲ್ಲಿಯ ಅನುಭವ ಎರಡೂ ತೆರನಾದದ್ದು.

2001ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಟಿಡಬ್ಲ್ಯುಎ ಎಂಬ ಹಳೆಯ ಕಂಪನಿಯನ್ನು ಕೊಂಡಿತು. ಟಿಡಬ್ಲ್ಯುಎ ಪೈಲಟ್‌ಗಳಲ್ಲಿ ಬಹಳ ಮಂದಿಯನ್ನು ಪಟ್ಟಿಯ ತೀರಾ ಕೊನೆಗೆ ಹಾಕಿದರು. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ನಡೆಯಿತು, ವಿಮಾನಯಾನ ಕುಸಿಯಿತು. ಕೆಲಸ ಕಳೆದುಕೊಂಡವರಲ್ಲಿ ಪಟ್ಟಿಯ ಕೊನೆಯಲ್ಲಿದ್ದವರೇ ಮೊದಲಿಗರು. ಟಿಡಬ್ಲ್ಯುಎಯ ನೆಲೆ ಇದ್ದದ್ದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಆ ರಾಜ್ಯದ ಇಬ್ಬರು ಸೆನೆಟರ್‌ಗಳು ಮುಂದೆ ನಿಂತು 2007ರಲ್ಲಿ ಕಾನೂನು ತಂದರು. ಅವರ ಹೆಸರಿನಿಂದಲೇ ಅದಕ್ಕೆ ಮ್ಯಾಕಾಸ್ಕಿಲ್–ಬಾಂಡ್ ಎಂಬ ಹೆಸರು. ವಿಲೀನದಲ್ಲಿ ಸೀನಿಯಾರಿಟಿ ಪಟ್ಟಿಗಳನ್ನು ನ್ಯಾಯವಾಗಿ, ಸಮವಾಗಿ ಬೆರೆಸಬೇಕು, ಒಪ್ಪಂದ ಆಗದಿದ್ದರೆ ಮಧ್ಯಸ್ಥಗಾರರ ಬಳಿ ಹೋಗಬೇಕು ಎಂಬುದು ಅದರ ಸಾರ.

ಮಧ್ಯಸ್ಥಗಾರರು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಸೇರಿದವು. ಯುಎಸ್ ಏರ್‌ವೇಸ್‌ನವರು ಹಳಬರು, ಸಂಖ್ಯೆಯಲ್ಲಿ ಜಾಸ್ತಿ. ಆದರೆ ಕಂಪನಿ ದಿವಾಳಿಯಾಗಿತ್ತು, ಅವರಲ್ಲಿ ನೂರಾರು ಮಂದಿ ಕೆಲಸವಿಲ್ಲದೆ ಮನೆಯಲ್ಲಿದ್ದರು. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ತೀರ್ಪು ಕೊಟ್ಟರು. ವಿಲೀನದ ದಿನ ಕೆಲಸದಲ್ಲೇ ಇಲ್ಲದವರು ಕೆಲಸದಲ್ಲಿದ್ದವರ ಮೇಲೆ ಕೂರುವಂತಿಲ್ಲ ಎಂದರು. ಹೀಗೆ ಹದಿನೇಳು ವರ್ಷದ ಸೇವೆ ಇದ್ದವರೂ ಅಮೆರಿಕ ವೆಸ್ಟ್‌ನ ಹೊಸಬರಿಗಿಂತ ಕೆಳಗಾದರು. ಸಿಟ್ಟಿಗೆದ್ದ ಬಹುಮತದವರು ತಮ್ಮ ಸಂಘವನ್ನೇ ಕಿತ್ತುಹಾಕಿ 2008ರಲ್ಲಿ ಬೇರೆ ಸಂಘ ಕಟ್ಟಿದರು, ತೀರ್ಪನ್ನು ಜಾರಿಗೆ ಬಿಡಲಿಲ್ಲ. ಪೂರ್ವದವರು, ಪಶ್ಚಿಮದವರು ಎಂದು ಪೈಲಟ್‌ಗಳು ಎರಡು ಪಾಲಾದರು. ಒಂದೇ ಕಂಪನಿಯ ಸಮವಸ್ತ್ರ ತೊಟ್ಟವರು ಒಂದೇ ಕಾಕ್‌ಪಿಟ್‌ನಲ್ಲಿ ಕೂರದೆ ಬೇರೆ ಬೇರೆ ಒಪ್ಪಂದಗಳ ಕೆಳಗೆ ಹಾರಿದರು. 2013ರಲ್ಲಿ ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರುವವರೆಗೂ ಇದೇ ಸ್ಥಿತಿ. ಅದರ ಕೋರ್ಟ್ ಕೇಸುಗಳು ಆಮೇಲೂ ಎಳೆದಾಡಿದವು.

2008ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಸೇರಿದ್ದು ಬೇರೆ ರೀತಿ. ಅಲ್ಲಿ ವಿಲೀನ ಪೂರ್ತಿಯಾಗುವ ಮುಂಚೆಯೇ ಎರಡೂ ಕಡೆಯ ಪೈಲಟ್‌ಗಳ ಜೊತೆ ಒಂದೇ ಸಂಬಳ ಒಪ್ಪಂದ ಆಗಿತ್ತು. ಸೀನಿಯಾರಿಟಿ ಪಟ್ಟಿ ಮಧ್ಯಸ್ಥಗಾರರ ಮುಂದೆ ಹೋಗಿ ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ತೀರ್ಮಾನವಾಯಿತು. ಎಲ್ಲರೂ ಖುಷಿಪಡಲಿಲ್ಲ. ಆದರೆ ನಾಳೆ ನನ್ನ ನಂಬರ್ ಏನು ಎಂಬುದು ಎಲ್ಲರಿಗೂ ಗೊತ್ತಿತ್ತು. ಸಂಬಳ ಮೊದಲು, ಪಟ್ಟಿ ಬೇಗ, ತೀರ್ಪು ಹೊರಗಿನವರಿಂದ. ಈ ಕ್ರಮವೇ ಸರಿ ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ನಿಯಮ ಎಲ್ಲಿದೆ?

ಭಾರತದಲ್ಲಿ ವಿಮಾನ ಕಂಪನಿಗಳ ವಿಲೀನಕ್ಕೆ ಸ್ಪರ್ಧಾ ಆಯೋಗ ಒಪ್ಪಬೇಕು, ಕಂಪನಿ ನ್ಯಾಯಮಂಡಳಿ ಒಪ್ಪಬೇಕು, ಡಿಜಿಸಿಎ ಸುರಕ್ಷತೆ ನೋಡಬೇಕು. ಆದರೆ ಪೈಲಟ್‌ಗಳ ಪಟ್ಟಿಯನ್ನು ಹೇಗೆ ಬೆರೆಸಬೇಕು ಎಂದು ಹೇಳುವ, ಅಮೆರಿಕದಂಥ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಕರ್ನಾಟಕದವರಿಗೆ ಬ್ಯಾಂಕ್ ವಿಲೀನಗಳ ನೆನಪು ಹಸಿಯಾಗಿದೆ. ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಮೂರೂ ಒಂದು ವರ್ಷದ ಅಂತರದಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಅಲ್ಲಿ ನೌಕರರ ಸಂಬಳ, ಭತ್ಯೆ ಮೊದಲಿಗಿಂತ ಕಡಿಮೆಯಾಗಬಾರದು ಎಂದು ಸರ್ಕಾರದ ವಿಲೀನ ಯೋಜನೆಯಲ್ಲೇ ಬರೆದಿತ್ತು. ಬಡ್ತಿ, ವರ್ಗಾವಣೆಯ ನೋವುಗಳು ಅಲ್ಲೂ ಇದ್ದವು, ಆದರೆ ಕಾಲಿಡಲು ಒಂದು ನೆಲ ಇತ್ತು. ಖಾಸಗಿ ವಿಮಾನ ಕಂಪನಿಯ ಪೈಲಟ್‌ಗೆ ಆ ನೆಲವೂ ಇಲ್ಲ.

ಇನ್ನೊಂದು ಕಟ್ಟು ಇದೆ. 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ಮುಂಚೆ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಪೈಲಟ್‌ಗಳು ಒಮ್ಮೆಲೇ ಹೋದರೆ ಪ್ರಯಾಣಿಕರಿಗೆ ತೊಂದರೆ ಎಂಬುದು ಇದರ ಕಾರಣ. ಆ ಕಾರಣ ಸುಳ್ಳಲ್ಲ. ಆದರೆ ಪರಿಣಾಮ ನೋಡಿ. ಕಂಪನಿ ಸಂಬಳದ ನಿಯಮ ಬದಲಿಸಲು ಕೆಲವು ವಾರ ಸಾಕು, ಪೈಲಟ್ ಹೊರಹೋಗಲು ಒಂದು ವರ್ಷ ಬೇಕು. ಮಾತುಕತೆಗೆ ಬಲವಾದ ಯೂನಿಯನ್ ಇಲ್ಲ, ಹೋಗಿ ಕೇಳಲು ಮಧ್ಯಸ್ಥಗಾರರಿಲ್ಲ, ಬಿಟ್ಟು ಹೋಗಲೂ ಆಗುವುದಿಲ್ಲ. ಆಗ ಸಹಿ ಹಾಕುತ್ತಾರೆ. ಶೇ. 98ರ ಗುಟ್ಟು ಇದು. ಸಿಟ್ಟು ಮಾತ್ರ ಒಳಗೇ ಉಳಿದು, ಹುಷಾರಿಲ್ಲ ಎಂಬ ರಜೆಯ ರೂಪದಲ್ಲಿ ಹೊರಬರುತ್ತದೆ.

ಇದು ಒಂದು ಕಂಪನಿಯ ಕಥೆಯಲ್ಲ. 2009ರಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ಇದೇ ದಾರಿ ಹಿಡಿದಿದ್ದರು. 2024ರ ಮೇ ತಿಂಗಳಲ್ಲಿ, ವಿಸ್ತಾರಾ ಗಲಾಟೆ ಆರುವಷ್ಟರಲ್ಲಿ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಗಗನಸಖಿಯರು ಮತ್ತು ಸಿಬ್ಬಂದಿ ಸಾಮೂಹಿಕವಾಗಿ ರಜೆ ಹಾಕಿದರು. ಅಲ್ಲೂ ವಿಲೀನದ ಹೊತ್ತಿನ ಅಸಮಾಧಾನವೇ. ಕಂಪನಿ 25 ಜನರನ್ನು ವಜಾ ಮಾಡಿತು, ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆ ಆದ ಮೇಲೆ ವಾಪಸ್ ತೆಗೆದುಕೊಂಡಿತು. ಇಂಥ ರಜೆ ಸರಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಆಸ್ಪತ್ರೆಗೆ, ಪರೀಕ್ಷೆಗೆ, ಸಾವಿನ ಮನೆಗೆ ಹೊರಟವರು ನಿಲ್ದಾಣದಲ್ಲಿ ಕೂರಬೇಕಾಯಿತು. ಅವರದೇನೂ ತಪ್ಪಿರಲಿಲ್ಲ. ಆದರೆ ಮಾತಾಡಲು ಬಾಗಿಲು ಇಲ್ಲದ ಕಡೆ ಜನ ಕಿಟಕಿ ಒಡೆಯುತ್ತಾರೆ. ಬಾಗಿಲು ಇಡುವ ಕೆಲಸ ಸರ್ಕಾರದ್ದು.

ಪ್ರಯಾಣಿಕರಿಗೆ ಏನು ಸಂಬಂಧ

ಟಿಕೆಟ್ ರದ್ದಾಗುವುದು ಒಂದು. ಇನ್ನೊಂದು ಸಂಗತಿ ಸುರಕ್ಷತೆಗೆ ಸೇರಿದ್ದು. ಭಾರತದ ನಿಯಮದಂತೆ ಪೈಲಟ್ ಒಂದು ವರ್ಷದಲ್ಲಿ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ತಿಂಗಳ ಲೆಕ್ಕಕ್ಕೆ ಸರಾಸರಿ 83 ಗಂಟೆ. ಖಾತ್ರಿ 40ಕ್ಕೆ ಇಳಿದಾಗ ಹಳೆಯ ಆದಾಯ ಉಳಿಸಿಕೊಳ್ಳಲು ಜಾಸ್ತಿ ಹಾರಬೇಕು. ಸುಸ್ತಾಗಿದ್ದರೂ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಬಿಟ್ಟ ಪ್ರತಿ ಗಂಟೆಗೂ ಹಣ ಕಡಿತ. 70ರ ಖಾತ್ರಿ ಇದ್ದವರು, ಇವತ್ತು ನಿದ್ದೆ ಆಗಿಲ್ಲ, ಹಾರುವುದಿಲ್ಲ ಎಂದು ಹೇಳುವುದು ಸುಲಭ. ಪೈಲಟ್‌ಗಳ ವಿಶ್ರಾಂತಿ ನಿಯಮಗಳನ್ನು ಡಿಜಿಸಿಎ 2024ರಲ್ಲಿ ಬಿಗಿ ಮಾಡಿ, ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು. ಅದರ ಜಾರಿ 2025ರವರೆಗೆ ಮುಂದೆ ಹೋಯಿತು. ಸಂಬಳದ ಪದ್ಧತಿಯನ್ನೂ ವಿಶ್ರಾಂತಿಯ ನಿಯಮವನ್ನೂ ಬೇರೆ ಬೇರೆಯಾಗಿ ನೋಡಿದರೆ ಈ ಕೊಂಡಿ ತಪ್ಪಿಹೋಗುತ್ತದೆ.

58, 60, 65

ಕೊನೆಗೊಂದು ವಿಷಯ. ಇದರಲ್ಲಿ ಪಟ್ಟಿಯ ಗಣಿತ ಸ್ಪಷ್ಟವಾಗಿ ಕಾಣುತ್ತದೆ. ಏರ್ ಇಂಡಿಯಾ ಪೈಲಟ್‌ಗಳಿಗೆ ನಿವೃತ್ತಿ 58ಕ್ಕೆ, ವಿಸ್ತಾರಾದವರಿಗೆ 60ಕ್ಕೆ ಇತ್ತು. ವಿಲೀನದ ಹೊತ್ತಿಗೆ ಏರ್ ಇಂಡಿಯಾದವರು ಇದನ್ನು ಎತ್ತಿ ಕೇಳಿದರು. ನಿವೃತ್ತರಾದ ಕೆಲವರನ್ನು ಐದು ವರ್ಷದ ಗುತ್ತಿಗೆ ಮೇಲೆ ಉಳಿಸಿಕೊಳ್ಳುತ್ತೇವೆ ಎಂದು 2024ರಲ್ಲಿ ಕಂಪನಿ ಹೇಳಿತು. 2025ರ ಆಗಸ್ಟ್‌ನಲ್ಲಿ ಪೈಲಟ್‌ಗಳ ನಿವೃತ್ತಿ ವಯಸ್ಸನ್ನೇ 65ಕ್ಕೆ ಏರಿಸುವ ಸುದ್ದಿ ಬಂತು.

ಹಿರಿಯರಿಗೆ ಇದು ಒಳ್ಳೆಯ ಸುದ್ದಿ. ಅನುಭವಿ ಕ್ಯಾಪ್ಟನ್‌ಗಳ ಕೊರತೆ ಇರುವ ಕಂಪನಿಗೂ ಒಳ್ಳೆಯದು. ಆದರೆ ಎಡಗಡೆ ಸೀಟಿನಲ್ಲಿರುವವರು ಏಳು ವರ್ಷ ಹೆಚ್ಚು ಕೂತರೆ ಬಲಗಡೆ ಸೀಟಿನವರ ಸರದಿ ಅಷ್ಟೂ ದೂರ ಹೋಗುತ್ತದೆ. ಹಾಗಾಗದಿರಲು ಒಂದೇ ದಾರಿ, ಎಡಗಡೆ ಸೀಟುಗಳ ಸಂಖ್ಯೆಯೇ ಹೆಚ್ಚಬೇಕು. ಏರ್ ಇಂಡಿಯಾ 2023ರಲ್ಲಿ 470 ವಿಮಾನಗಳಿಗೆ, ಮುಂದಿನ ವರ್ಷ ಇನ್ನೂ 100ಕ್ಕೆ ಆರ್ಡರ್ ಕೊಟ್ಟಿದೆ. ಅವು ಹೇಳಿದ ವೇಳೆಗೆ ಬಂದರೆ ಎರಡೂ ಹಳೆಯ ಕಂಪನಿಗಳ ಫಸ್ಟ್ ಆಫೀಸರ್‌ಗಳಿಗೆ ಜಾಗ ಸಿಗುತ್ತದೆ, ಪಟ್ಟಿಯಲ್ಲಿ ಯಾರು ಎರಡು ಮೆಟ್ಟಿಲು ಮೇಲೆ ಎಂಬ ಜಗಳದ ಬಿಸಿ ಇಳಿಯುತ್ತದೆ. ಬೋಯಿಂಗ್, ಏರ್‌ಬಸ್ ಎರಡರ ಕಾರ್ಖಾನೆಗಳಲ್ಲೂ ಕೆಲಸ ಹಿಂದೆ ಬಿದ್ದಿದೆ. ವಿಮಾನ ತಡವಾದಷ್ಟೂ ಆ ಎರಡು ಮೆಟ್ಟಿಲಿನ ಬೆಲೆ ಜಾಸ್ತಿಯಾಗುತ್ತಾ ಹೋಗುತ್ತದೆ.